ಲೈಪ್ಜಿಗ್ ನಗರದ ಗಾನಯಾತ್ರೆ

ದೇಶಸಂಚಾರದಿಂದ ಜ್ಞಾನವೂ ಉಲ್ಲಾಸವೂ ದೊರೆಯುವುವೆಂಬುದನ್ನು ಒಪ್ಪದವರಿಲ್ಲ. ಆದರೆ ಸಂಚಾರವೆಂಬುದು ಬಹುಮಟ್ಟಿಗೆ ಕಣ್ಣಿನ ಕೆಲಸವಾಗಿಬಿಟ್ಟಿದೆ. ಹೊಸ ಊರಿಗೆ ಹೋದವರು ಮಾರ್ಗದರ್ಶಕನ ಹಿಂದೆ ನಡೆದು, ಗೋಪುರದ ಎತ್ತರವನ್ನೂ ಅದನ್ನು ಕಟ್ಟಿಸಿದವರ ಹೆಸರನ್ನೂ ಕೇಳಿ ತಿಳಿದು, ನಾಲ್ಕಾರು ಭಾವಚಿತ್ರಗಳನ್ನು ತೆಗೆದುಕೊಂಡು ಬಿಡಾರಕ್ಕೆ ಹಿಂದಿರುಗುತ್ತಾರೆ. ಆ ಊರಿನ ಸಂಗೀತವನ್ನು ಕೇಳಬೇಕೆಂಬ ಆಸೆಯಿದ್ದರೆ ಅದಕ್ಕೆ ಬೇರೆ ದಿನ, ಬೇರೆ ಮಂದಿರ, ಬೇರೆ ಟಿಕೀಟು. ಹೀಗೆ ಊರು ಒಂದು ಕಡೆ, ಹಾಡು ಒಂದು ಕಡೆ ಉಳಿದುಬಿಡುತ್ತವೆ. ಇವೆರಡನ್ನೂ ಒಂದೇ ದಿನದಲ್ಲಿ ಕೂಡಿಸಿ, ಒಂದರಿಂದ ಇನ್ನೊಂದಕ್ಕೆ ಅರ್ಥ ಬರುವಂತೆ ಮಾಡಿಕೊಳ್ಳಲು ಸಾಧ್ಯವೆ? ಸಾಧ್ಯವೆಂಬುದಕ್ಕೆ ಜರ್ಮನಿ ದೇಶದ ಲೈಪ್ಜಿಗ್ ನಗರವು ಒಳ್ಳೆಯ ನಿದರ್ಶನವಾಗಿದೆ.

ಲೈಪ್ಜಿಗ್ ಜರ್ಮನಿಯ ಪೂರ್ವಭಾಗದ ಸ್ಯಾಕ್ಸನಿ ಪ್ರಾಂತದಲ್ಲಿದೆ. ಯೂರೋಪಿನ ಎರಡು ಪ್ರಾಚೀನ ವ್ಯಾಪಾರಮಾರ್ಗಗಳು ಕೂಡುವ ಸ್ಥಳದಲ್ಲಿದ್ದುದರಿಂದ ಇದು ಜಾತ್ರೆಸಂತೆಗಳ ಊರಾಗಿ ಬೆಳೆಯಿತು. 1409ರಲ್ಲಿ ಇಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮಹಾಕವಿ ಗಯಟೆ ತನ್ನ ಯೌವನದಲ್ಲಿ ಇಲ್ಲಿಯೇ ಕಾನೂನನ್ನು ಓದಿದನು. ಆದರೆ ಈ ಊರಿಗೆ ಲೋಕದಲ್ಲಿ ಕೀರ್ತಿ ಬಂದುದು ವ್ಯಾಪಾರಕ್ಕಿಂತಲೂ ವಿದ್ಯೆಗಿಂತಲೂ ಹೆಚ್ಚಾಗಿ ಸಂಗೀತದಿಂದ. ಆ ಸಂಗೀತಕ್ಕೆ ತಾಯಿಬೇರಿನಂತಿರುವುದು ಬಾಲಕರ ಒಂದು ಗಾಯಕವೃಂದ.

1212ರಲ್ಲಿ ಮೈಸೆನ್ ಸೀಮೆಯ ಅಧಿಪತಿ ಡೀಟ್ರಿಖ್ ಎಂಬವನು ಇಲ್ಲಿ ಸಂತ ತೋಮಾಸನ ಹೆಸರಿನಲ್ಲಿ ಒಂದು ಮಠವನ್ನು ಸ್ಥಾಪಿಸಿದನು. ಪೂಜಾಕಾಲದಲ್ಲಿ ಹಾಡುವುದಕ್ಕಾಗಿ ಮಠದಲ್ಲಿ ಬಾಲಕರನ್ನು ಇಟ್ಟುಕೊಂಡು ವಿದ್ಯೆ ಕಲಿಸಿದರು. 1539ರಲ್ಲಿ ಮಾರ್ಟಿನ್ ಲೂಥರನ ಮತಸುಧಾರಣೆಯು ಈ ನಗರಕ್ಕೆ ಬಂದ ಬಳಿಕ ಮಠವು ಮುಚ್ಚಿತು. ಬಾಲಕರ ಪಾಠಶಾಲೆಯನ್ನೂ ವೃಂದವನ್ನೂ ನಗರಸಭೆಯವರು ವಹಿಸಿಕೊಂಡರು. ಅಂದಿನಿಂದ ಇಂದಿನವರೆಗೂ ಇದು ನಗರದ ಸ್ವತ್ತಾಗಿಯೇ ನಡೆದುಬಂದಿದೆ. 2012ರಲ್ಲಿ ಅದಕ್ಕೆ ಎಂಟುನೂರು ವರ್ಷ ತುಂಬಿತು. ಒಂಬತ್ತರಿಂದ ಹದಿನೆಂಟು ವಯಸ್ಸಿನ ಸುಮಾರು ನೂರು ಮಂದಿ ಬಾಲಕರು ಒಂದೇ ವಿದ್ಯಾರ್ಥಿನಿಲಯದಲ್ಲಿ ವಾಸಿಸುತ್ತ, ಓದು ಬರಹಗಳೊಡನೆ ನಿತ್ಯವೂ ಗಾನಾಭ್ಯಾಸ ಮಾಡುತ್ತಾರೆ. ಇವರಿಗೆ ತೋಮಾನರ್ ಎಂದು ಹೆಸರು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬಾಲಕಂಠದ ಆಯುಸ್ಸು ಬಹು ಸ್ವಲ್ಪ. ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಅದು ಒಡೆದು, ಕೆಲವು ಕಾಲದ ಮೇಲೆ ಗಂಡಸಿನ ದನಿಯಾಗಿ ಮರಳುತ್ತದೆ. ಆದುದರಿಂದ ಈ ವೃಂದವು ಎಂದೂ ಸಿದ್ಧವಾಗಿ ಮುಗಿದ ವಸ್ತುವಲ್ಲ. ಪ್ರತಿ ವರ್ಷವೂ ಎಳೆಯರು ಬರಬೇಕು, ಹಿರಿಯರು ಹೋಗಬೇಕು. ಕಲಿಸಿದುದನ್ನು ಮತ್ತೆ ಮೊದಲಿನಿಂದ ಕಲಿಸಬೇಕು. ಕಲ್ಲಿನ ಗೋಪುರವು ಒಮ್ಮೆ ಕಟ್ಟಿದರೆ ನೂರಾರು ವರ್ಷ ನಿಲ್ಲುವುದು. ಹಾಡಿನ ಗೋಪುರವನ್ನು ವಾರವಾರವೂ ಕಟ್ಟಬೇಕು.

ಹಾಡಿಗೂ ಊರು ಸುತ್ತುವುದಕ್ಕೂ ಲೈಪ್ಜಿಗ್ಗಿನಲ್ಲಿ ಬಹಳ ಹಳೆಯ ನಂಟುಂಟು. ಹಿಂದಿನ ಕಾಲದಲ್ಲಿ ಈ ಬಾಲಕರು ಗೊತ್ತಾದ ದಿನಗಳಲ್ಲಿ ಗುಂಪು ಕಟ್ಟಿಕೊಂಡು ಬೀದಿಬೀದಿಗಳಲ್ಲಿ ಹಾಡುತ್ತ ಹೋಗಿ, ಗೃಹಸ್ಥರು ಕೊಟ್ಟ ಕಾಣಿಕೆಯಿಂದ ತಮ್ಮ ವಿದ್ಯಾಭ್ಯಾಸದ ವೆಚ್ಚವನ್ನು ನಿರ್ವಹಿಸುತ್ತಿದ್ದರು. ಊಂಛವೃತ್ತಿಯಿಂದ ಮನೆಮನೆಗೂ ಹರಿನಾಮವನ್ನು ಕೊಂಡೊಯ್ದ ದಾಸರನ್ನು ಬಲ್ಲ ನಮಗೆ ಇದು ತೀರ ಹೊಸದಾಗಿ ತೋರಲಾರದು. ಯಾರಾದರೂ ಮೃತರಾದರೆ ಶವಯಾತ್ರೆಯ ಜೊತೆಯಲ್ಲಿಯೂ ಇವರು ಹಾಡುತ್ತ ನಡೆಯಬೇಕಾಗಿತ್ತು. ಇವರ ಗುರುವಿನ ವರಮಾನದಲ್ಲಿಯೂ ಒಂದು ಪಾಲು ಈ ಮೂಲಗಳಿಂದಲೇ ಬರುತ್ತಿತ್ತು.

ಆ ಗುರುಗಳ ಸಾಲಿನಲ್ಲಿ ಅಗ್ರಗಣ್ಯನಾದವನು ಯೋಹಾನ್ ಸೆಬಾಸ್ಟಿಯನ್ ಬಾಖ್. ಅವನು 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಇಪ್ಪತ್ತೇಳು ವರ್ಷ ಈ ಪದವಿಯಲ್ಲಿದ್ದನು. ನಗರಸಭೆಯವರಿಗೆ ಅವನು ಮೊದಲ ಆಯ್ಕೆಯಾಗಿರಲಿಲ್ಲ; ಟೆಲೆಮಾನ್, ಗ್ರೌಪ್ನರ್ ಎಂಬ ಇಬ್ಬರು ದೊರೆಯದೆ ಹೋದುದರಿಂದ ಅವನನ್ನು ನೇಮಿಸಿದರು. 1730ರಲ್ಲಿ ಅವನು ಸಭೆಗೆ ಒಪ್ಪಿಸಿದ ಮನವಿಯೊಂದರಲ್ಲಿ ತನ್ನಲ್ಲಿರುವ 54 ಬಾಲಕರ ಲೆಕ್ಕವನ್ನು ಕೊಟ್ಟಿದ್ದಾನೆ: ಹಾಡಬಲ್ಲವರು 17, ಇನ್ನೂ ಕಲಿಯಬೇಕಾದವರು 20, ಗಾನಕ್ಕೆ ಯೋಗ್ಯರೇ ಅಲ್ಲದವರು 17. ಅದೇ ವರ್ಷ ಸ್ನೇಹಿತನೊಬ್ಬನಿಗೆ ಬರೆದ ಕಾಗದದಲ್ಲಿ, ಊರಿನಲ್ಲಿ ಆರೋಗ್ಯವಾದ ಗಾಳಿ ಬೀಸಿದರೆ ಸಾಯುವವರು ಕಡಮೆಯಾಗಿ ತನ್ನ ವರಮಾನವೂ ಕುಗ್ಗುವುದೆಂದು ತಿಳಿಸಿದ್ದಾನೆ. ಲೋಕವು ಇಂದು ತಲೆಬಾಗಿ ಕೇಳುವ ಸಂಗೀತವು ಇಂತಹ ಬಡತನದ ನಡುವೆ, ಇಂತಹ ಬಾಲಕರ ಕಂಠಕ್ಕಾಗಿ, ಪ್ರತಿ ಭಾನುವಾರದ ಅವಸರದಲ್ಲಿ ಹುಟ್ಟಿತೆಂಬುದನ್ನು ತಿಳಿದುಕೊಂಡು ಊರು ನೋಡಲು ಹೊರಟರೆ ಕಾಣುವ ಕಲ್ಲುಗಳೆಲ್ಲ ಮಾತನಾಡತೊಡಗುವುವು.

ಈ ನೋಟಕ್ಕೆ ಶನಿವಾರವೇ ತಕ್ಕ ದಿನ. ಹಳೆಯ ಊರು ಚಿಕ್ಕದು. ಎಲ್ಲವನ್ನೂ ಕಾಲ್ನಡಿಗೆಯಲ್ಲಿಯೇ ನೋಡಬಹುದು. ಊರಿನ ಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಹೇಳಬಲ್ಲ ಮಾರ್ಗದರ್ಶಕರುಂಟು. ಒಂಟಿಯಾಗಿ ತಿರುಗಬಯಸುವವರಿಗೆ ಸಂಗೀತಗಾರರ ಮನೆಗಳನ್ನೂ ಗಾನಸ್ಥಾನಗಳನ್ನೂ ಸೇರಿಸಿ ಸುಮಾರು ಐದು ಕಿಲೋಮೀಟರು ಉದ್ದದ ‘ಸ್ವರಮಾರ್ಗ’ವೊಂದನ್ನು 2012ರಲ್ಲಿ ಗೊತ್ತುಮಾಡಿ, ಉಕ್ಕಿನ ಬಾಗುಪಟ್ಟಿಗಳನ್ನು ನೆಲದಲ್ಲಿ ಹುದುಗಿಸಿ ದಾರಿಯನ್ನು ತೋರಿಸಿದ್ದಾರೆ.

ಬೆಳಿಗ್ಗೆ ಫೆಲಿಕ್ಸ್ ಮೆಂಡೆಲ್ಸ್‌ಸೋನನ ಮನೆಯಿಂದ ಆರಂಭಿಸುವುದು ಒಳ್ಳೆಯದು. ಅವನು 1847ರಲ್ಲಿ ದೇಹಬಿಟ್ಟ ಈ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಗೆವಾಂಡ್‌ಹೌಸ್ ಎಂಬ ಸಂಗೀತಮಂದಿರವಿದೆ. ಈ ಹೆಸರಿಗೆ ಬಟ್ಟೆಯ ಮಳಿಗೆ ಎಂದರ್ಥ. ಜವಳಿ ವರ್ತಕರ ಕಟ್ಟಡದಲ್ಲಿ 1781ರಲ್ಲಿ ಸಂಗೀತಶಾಲೆಯೊಂದನ್ನು ಕಟ್ಟಿಸಿದರು. ಕಟ್ಟಡವು ಎರಡು ಸಲ ಬದಲಾಗಿ ಈಗಿರುವುದು 1981ರದಾದರೂ ಹಳೆಯ ಹೆಸರು ಮಾತ್ರ ಉಳಿದುಕೊಂಡಿತು. ಮೆಂಡೆಲ್ಸ್‌ಸೋನನು 1835ರಲ್ಲಿ ಇದರ ವಾದ್ಯಗೋಷ್ಠಿಯ ನಾಯಕನಾಗಿ ಬಂದನು. ಜನರು ಮರೆತಿದ್ದ ಬಾಖನ ಕೃತಿಗಳನ್ನು ಬೆಳಕಿಗೆ ತಂದವರಲ್ಲಿ ಅವನು ಮುಖ್ಯನು. ತೋಮಾಸನ ಚರ್ಚಿನಲ್ಲಿ ಆರ್ಗನ್ ವಾದ್ಯವನ್ನು ತಾನೇ ನುಡಿಸಿ ಹಣ ಕೂಡಿಸಿ, 1843ರಲ್ಲಿ ಬಾಖನಿಗೆ ಮೊದಲ ಸ್ಮಾರಕವನ್ನು ನಿಲ್ಲಿಸಿದವನೂ ಅವನೇ.

ಮುಂದೆ ಸಂತ ನಿಕೋಲಾಸನ ಚರ್ಚು. ಒಳಗಿನ ಕಂಬಗಳು ಬಿಳುಪಾಗಿ, ತುದಿಯಲ್ಲಿ ತಾಳೆಯ ಗರಿಗಳಂತೆ ಬಿಚ್ಚಿಕೊಂಡಿವೆ. ಬಾಖನ ಯೋಹಾನಪ್ಯಾಶನ್ ಎಂಬ ಮಹಾಕೃತಿಯನ್ನು 1724ರಲ್ಲಿ ಮೊದಲು ಹಾಡಿದುದು ಇಲ್ಲಿ. ಆದರೆ ಈ ಚರ್ಚಿಗೆ ಇನ್ನೊಂದು ಕಾರಣದಿಂದಲೂ ಪ್ರಸಿದ್ಧಿ ಬಂದಿದೆ. ಪೂರ್ವ ಜರ್ಮನಿಯ ಸರಕಾರದ ಕಾಲದಲ್ಲಿ ಇಲ್ಲಿ ಸೋಮವಾರ ಸೋಮವಾರ ಶಾಂತಿಪ್ರಾರ್ಥನೆಗಳು ನಡೆಯುತ್ತಿದ್ದುವು. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿಸಿ ಹೊರಬಂದವರೊಡನೆ ಊರ ಜನರು ಸೇರಿ, ಸುಮಾರು ಎಪ್ಪತ್ತು ಸಾವಿರ ಮಂದಿ ಯಾವ ಆಯುಧವೂ ಇಲ್ಲದೆ ಬೀದಿಯಲ್ಲಿ ನಡೆದರು. ಒಂದು ಗುಂಡೂ ಹಾರಲಿಲ್ಲ. ಒಂದು ತಿಂಗಳು ಕಳೆಯುವುದರೊಳಗೆ ಬರ್ಲಿನ್ನಿನ ಗೋಡೆಯು ತೆರೆಯಿತು.

ಅಲ್ಲಿಂದ ಸಂತೆಯ ಚೌಕಕ್ಕೆ ಬಂದರೆ 1556–57ರಲ್ಲಿ ಕಟ್ಟಿದ ಹಳೆಯ ನಗರಸಭಾಭವನವು ಕಾಣುತ್ತದೆ. ಬಾಖನು ತನ್ನ ನೇಮಕದ ಕರಾರಿಗೆ ರುಜು ಹಾಕಿದ ಕೊಠಡಿಯನ್ನು ಇಲ್ಲಿ ನೋಡಬಹುದು. ಅನಂತರ ಕಿರಿದಾದ ಬೀದಿಯೊಂದನ್ನು ದಾಟಿದರೆ ಎದುರಿಗೆ ಬಹು ಕಡಿದಾದ ಮಾಡಿನ ತೋಮಾಸನ ಚರ್ಚು. ಅದರ ಮಗ್ಗುಲಲ್ಲಿ 1908ರಲ್ಲಿ ನಿಲ್ಲಿಸಿದ ಬಾಖನ ವಿಗ್ರಹವಿದೆ. ಅಂಗಿಯ ಜೇಬೊಂದು ಒಳಗಿನದು ಹೊರಕ್ಕೆ ಬಂದು ಬರಿದಾಗಿ ಜೋತಾಡುತ್ತಿರುವುದನ್ನು ಮಾರ್ಗದರ್ಶಕರು ತಪ್ಪದೆ ತೋರಿಸುತ್ತಾರೆ. ಕೈಯಲ್ಲಿ ಕಾಸಿಲ್ಲದ ಗುರುವೆಂಬುದಕ್ಕೆ ಅದು ಗುರುತಂತೆ.

ಚರ್ಚಿನ ಪಶ್ಚಿಮಕ್ಕೆ ಬಂದರೆ ಮೆಂಡೆಲ್ಸ್‌ಸೋನನ ವಿಗ್ರಹ. 1892ರಲ್ಲಿ ಗೆವಾಂಡ್‌ಹೌಸಿನ ಮುಂದೆ ನಿಲ್ಲಿಸಿದ್ದ ಮೂಲವಿಗ್ರಹವನ್ನು, ಅವನು ಯೆಹೂದ್ಯ ವಂಶದವನೆಂಬ ಒಂದೇ ಕಾರಣದಿಂದ, ನಾಟ್ಸಿಗಳು 1936ರಲ್ಲಿ ಕೆಡವಿಹಾಕಿದರು. ಮರುವರ್ಷ ತೋಮಾನರ್ ವೃಂದವನ್ನೇ ಹಿಟ್ಲರನ ಬಾಲಕದಳಕ್ಕೆ ಸೇರಿಸಿಬಿಟ್ಟರು. ಈಗ ಕಾಣುವುದು 2008ರಲ್ಲಿ ನಿಲ್ಲಿಸಿದ ಪ್ರತಿಕೃತಿ. ಸಂಗೀತವನ್ನು ಪ್ರೀತಿಸಿದ ಮಾತ್ರಕ್ಕೆ ಒಂದು ಊರು ಅನ್ಯಾಯದಿಂದ ಪಾರಾಗಲಾರದೆಂಬ ಕಹಿಯಾದ ಪಾಠವನ್ನು ಈ ವಿಗ್ರಹವು ಹೇಳುತ್ತದೆ. ಇದನ್ನು ನೋಡದೆ ಒಳಗೆ ಹೋಗಿ ಹಾಡನ್ನು ಮಾತ್ರ ಕೇಳಿದವನು ಊರಿನ ಅರ್ಧ ಕಥೆಯನ್ನೇ ಕೇಳಿದಂತಾಗುವುದು.

ಮೂರು ಗಂಟೆಗೆ ಗಾನವು ಆರಂಭವಾಗುತ್ತದೆ. ಧರ್ಮವಾಕ್ಯಗಳನ್ನು ಹಲವು ಕಂಠಗಳಿಗೆ ಹಂಚಿ ಕಟ್ಟಿದ ಗೀತಕ್ಕೆ ಮೊಟೆಟ್ ಎಂದು ಹೆಸರು. ಇಲ್ಲಿ ಈ ಗಾನೋಪಾಸನೆಗೇ ಆ ಹೆಸರು ನಿಂತಿದೆ. ಶುಕ್ರವಾರ ಸಂಜೆ ಆರು ಗಂಟೆಗೂ ಇದು ನಡೆಯುವುದುಂಟು. ಶನಿವಾರದ ವಿಶೇಷವೆಂದರೆ ಸಾಮಾನ್ಯವಾಗಿ ಗೆವಾಂಡ್‌ಹೌಸಿನ ವಾದ್ಯಗಾರರೊಡನೆ ಬಾಖನ ಕಂಟಾಟಾ ಎಂಬ ದೀರ್ಘಕೃತಿಯೊಂದನ್ನು ಹಾಡುವುದು. ಎಲ್ಲವೂ ಸೇರಿ ಒಂದು ಗಂಟೆಗೆ ಸ್ವಲ್ಪ ಮೇಲಾಗಬಹುದು.

ಇಲ್ಲಿ ಹೊಸಬರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಸಭಿಕರು ಕುಳಿತುಕೊಳ್ಳುವುದು ವೇದಿಕೆಯ ಕಡೆಗೆ ಮುಖಮಾಡಿ. ಬಾಲಕರು ನಿಲ್ಲುವುದು ಅವರ ಬೆನ್ನ ಹಿಂದೆ, ಪಶ್ಚಿಮದ ಉಪ್ಪರಿಗೆಯಲ್ಲಿ, ದೊಡ್ಡ ಆರ್ಗನ್ನಿನ ಬಳಿ. ಹಾಡುವವರ ಮುಖ ಕಾಣುವುದಿಲ್ಲ. ಬೆಳಗಿನಿಂದ ದುಡಿದ ಕಣ್ಣಿಗೆ ಇನ್ನು ಕೆಲಸವಿಲ್ಲ. ಕಣ್ಣೆದುರಿಗೆ ಇರುವುದು ವೇದಿಕೆಯ ಮುಂದೆ ನೆಲದಲ್ಲಿ ಹಾಸಿದ, ಹೆಸರು ಮಾತ್ರ ಕೆತ್ತಿದ ಒಂದು ಲೋಹದ ಹಲಗೆ. ಬಾಖನ ಅಸ್ಥಿಗಳು 1950ರಿಂದ ಅದರ ಕೆಳಗಿವೆ. ಹಿಂದಿನಿಂದ ಅವನ ಹಾಡು, ಮುಂದೆ ಅವನ ಸಮಾಧಿ, ನಡುವೆ ಕೇಳುವವರು.

ನಮ್ಮ ಸಂಗೀತದಲ್ಲಿ ರಾಗವು ಒಂದೇ ಧಾರೆಯಾಗಿ ಹರಿಯುವುದು. ಇವರಲ್ಲಿ ನಾಲ್ಕು ಕಂಠಗಳೋ ಎಂಟು ಕಂಠಗಳೋ ತಮ್ಮ ತಮ್ಮ ದಾರಿಯನ್ನು ಹಿಡಿದು, ಒಂದು ಮುಂದಾಗಿ ಒಂದು ಹಿಂದಾಗಿ, ಕಡೆಗೆ ಒಂದೆಡೆ ಕೂಡುತ್ತವೆ. ಮೊದಲ ಸಲ ಕೇಳುವವರು ಎಲ್ಲವನ್ನೂ ಹಿಡಿಯಲು ಹೋಗದೆ ಒಂದು ಕಂಠವನ್ನು ಮಾತ್ರ ಅನುಸರಿಸಿದರೆ ಉಳಿದುವು ತಾವಾಗಿಯೇ ತಿಳಿಯುವುವು. ನಡುವೆ ಸಭಿಕರೆಲ್ಲರೂ ಸೇರಿ ಹಾಡುವ ಸರಳವಾದ ಭಜನೆಯೊಂದಿರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಭಜನೆಗಳ ಮಟ್ಟುಗಳನ್ನು ಕನ್ನಡದ ಕೀರ್ತನೆಗಳಿಗೆ ಹೊಂದಿಸಿದರಾದುದರಿಂದ, ಕರಾವಳಿಯ ಕ್ರೈಸ್ತ ಮನೆತನದವರಿಗೆ ಆ ಮಟ್ಟು ತೌರಿನದೆಂದು ತೋರಿದರೂ ತೋರಬಹುದು.

ಊರು ನೋಡಲು ಬಂದು ಈ ಹಾಡಿಗೆ ಸೋತವರಲ್ಲಿ ಮೋತ್ಸಾರ್ಟನೂ ಒಬ್ಬನು. 1789ರಲ್ಲಿ ಲೈಪ್ಜಿಗ್ಗಿಗೆ ಬಂದಿದ್ದಾಗ ಇದೇ ಬಾಲಕರ ಬಾಯಿಂದ ಬಾಖನ ಎಂಟು ಕಂಠದ ಮೊಟೆಟ್ಟೊಂದನ್ನು ಕೇಳಿ ಬೆರಗಾಗಿ, ಅದರ ಬರವಣಿಗೆ ಬೇಕೆಂದು ಕೇಳಿದನಂತೆ. ಪೂರ್ತಿಯ ಪ್ರತಿಯಿರಲಿಲ್ಲ, ಒಂದೊಂದು ಕಂಠಕ್ಕೆ ಒಂದೊಂದು ಹಾಳೆಯಿತ್ತು. ಅವನ್ನು ಮೊಣಕಾಲ ಮೇಲೂ ಪಕ್ಕದ ಕುರ್ಚಿಗಳ ಮೇಲೂ ಹರಡಿಕೊಂಡು, ಎಲ್ಲವನ್ನೂ ನೋಡಿ ಮುಗಿಸುವವರೆಗೆ ಅವನು ಮೇಲಕ್ಕೇಳಲಿಲ್ಲವೆಂದು ರೊಖ್ಲಿಟ್ಸ್ ಎಂಬ ಸಮಕಾಲೀನನು ಬರೆದಿಟ್ಟಿದ್ದಾನೆ.

ಹಾಡನ್ನೂ ಊರನ್ನೂ ಕೂಡಿಸುವುದರಲ್ಲಿ ಒಂದು ಅಪಾಯವೂ ಉಂಟೆಂಬುದನ್ನು ಮರೆಯಬಾರದು. ನೋಡತಕ್ಕ ಹತ್ತು ವಸ್ತುಗಳಲ್ಲಿ ಹನ್ನೊಂದನೆಯದನ್ನಾಗಿ ಗಾನವನ್ನು ಎಣಿಸಿದರೆ, ಉಪಾಸನೆಯು ಪ್ರದರ್ಶನವಾಗಿ, ಬಾಲಕರು ಬೊಂಬೆಗಳಾಗುವರು. ಬಂದವರೆಲ್ಲರೂ ಅರ್ಧಕ್ಕೆ ಎದ್ದುಹೋಗುವವರಾದರೆ ಎಂಟು ಶತಮಾನ ನಡೆದ ವ್ರತವು ಒಂದು ತಲೆಮಾರಿನಲ್ಲಿ ಸರಕಾಗಿಬಿಡಬಹುದು. ಆದುದರಿಂದ ಅತಿಥಿಯು ಅತಿಥಿಧರ್ಮವನ್ನು ಪಾಲಿಸತಕ್ಕದ್ದು. ಮುಕ್ಕಾಲು ಗಂಟೆ ಮುಂಚೆಯೇ ಬಂದು ಸ್ಥಳ ಹಿಡಿಯಬೇಕು. ಬಾಗಿಲಲ್ಲಿ ಅಲ್ಪ ಬೆಲೆಗೆ ದೊರೆಯುವ ಕಾರ್ಯಕ್ರಮಪತ್ರವೇ ಪ್ರವೇಶಕ್ಕೆ ಸಾಕು. ಭಾವಚಿತ್ರ ತೆಗೆಯಬಾರದು, ಚಪ್ಪಾಳೆ ತಟ್ಟಬಾರದು, ಮುಗಿಯುವ ಮುನ್ನ ಏಳಬಾರದು. ಪಾಠಶಾಲೆಗೆ ರಜವಿರುವ ದಿನಗಳಲ್ಲಿಯೂ ವೃಂದವು ಪರಸ್ಥಳಕ್ಕೆ ಹೋದಾಗಲೂ ಬೇರೆಯವರು ಹಾಡುವುದರಿಂದ, ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು.

1943ರ ಡಿಸೆಂಬರ್ 4ರಂದು ಲೈಪ್ಜಿಗ್ಗಿನ ಮೇಲೆ ಬಾಂಬುಗಳ ಮಳೆ ಸುರಿಯಿತು. ಬಾಲಕರನ್ನು ಸಮೀಪದ ಗ್ರಿಮ್ಮಾ ಎಂಬ ಊರಿಗೆ ಸಾಗಿಸಿದರು. ಯುದ್ಧ ಮುಗಿದೊಡನೆ ಅವರು ಮರಳಿ ಬಂದು ತಮ್ಮ ಚರ್ಚಿನಲ್ಲಿ ಹಾಡತೊಡಗಿದರು. ದೊರೆಗಳೂ ಸರಕಾರಗಳೂ ಬಂದುಹೋದರೂ ಶನಿವಾರದ ಹಾಡು ಉಳಿಯಿತು. ಅದನ್ನು ಉಳಿಸಿದವರು ಹಾಡಿದ ಮಕ್ಕಳು ಮಾತ್ರವಲ್ಲ. ಮನೆಗೆಲಸವನ್ನು ಬದಿಗಿಟ್ಟು ವಾರವಾರವೂ ಬಂದು ಕುಳಿತ ಆ ಊರಿನ ಗೃಹಸ್ಥರೂ ಅದರಲ್ಲಿ ಪಾಲುಗಾರರು. ದೂರದಿಂದ ಬಂದ ಯಾತ್ರಿಕನೂ ಒಂದು ಗಂಟೆಯ ಮಟ್ಟಿಗೆ ಅವರ ಪಂಕ್ತಿಯಲ್ಲಿ ಒಬ್ಬನಾಗಿ ಮೌನದಿಂದ ಕುಳಿತನಾದರೆ, ಆ ಊರನ್ನು ಕಂಡೆನೆಂದು ಹೇಳಿಕೊಳ್ಳುವ ಅಧಿಕಾರವು ಅವನಿಗೆ ಬಂದಿತೆಂದೇ ತಿಳಿಯಬೇಕು.