ತಂಗಲಿ ತಾಂಡ್ಯದ ಆಸ್ಥಾನ ವಿದುಷಿ

ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಬಾರಿಸುತ್ತ ಹಾಡುವ ರಘು ದೀಕ್ಷಿತ್ ಯಾರಿಗೆ ಗೊತ್ತಿಲ್ಲ! ಶಿಶುನಾಳ ಷರೀಫರ ಪದಗಳಿಗೆ ರಾಕ್ ಸಂಗೀತದ ಕಸುವು ತುಂಬಿದವರು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿ ಬಂದವರು. ಆ ಗೆಜ್ಜೆ ಬರೀ ಶೋಕಿಗೆ ಕಟ್ಟಿದ್ದಲ್ಲ. ಗಿಟಾರ್ ಕೈಗೆ ಬರುವ ಮೊದಲೇ ಅವರು ಮೈಸೂರಿನಲ್ಲಿ ಭರತನಾಟ್ಯ ಕಲಿತಿದ್ದರು.

ಹಾಡುವ ಕಂಠವೂ ಗೆಜ್ಜೆ ಕಟ್ಟಿದ ಕಾಲೂ ಒಬ್ಬರದೇ ಆಗಿರುವುದು ಮೈಸೂರಿಗೆ ಹೊಸದೇನಲ್ಲ. ಆ ಊರಿನ ಹಳೆಯ ನೃತ್ಯ ಸಂಪ್ರದಾಯದಲ್ಲಿ ಕಲಾವಿದೆ ತಾನೇ ಹಾಡಿಕೊಂಡು ತಾನೇ ಅಭಿನಯಿಸುತ್ತಿದ್ದಳು. ಆ ಪರಂಪರೆಯನ್ನು ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಕಾಪಾಡಿಕೊಂಡು ಬಂದ ಹೆಂಗಸು ಮೈಸೂರಿನವರಲ್ಲ, ನಮ್ಮ ಕಡೂರಿನವರು: ಕೆ. ವೆಂಕಟಲಕ್ಷಮ್ಮ. ತರೀಕೆರೆ, ಅಜ್ಜಂಪುರದ ಕಡೆ ಈ ಹೆಸರು ಹೇಳಿದರೆ ‘ಯಾರು?’ ಎನ್ನುವವರೇ ಹೆಚ್ಚು. ನೃತ್ಯ ಕಲಿತವರ ಮುಂದೆ ಹೇಳಿ ನೋಡಿ, ಕೈಮುಗಿಯುತ್ತಾರೆ.

ವೆಂಕಟಲಕ್ಷಮ್ಮ ಹುಟ್ಟಿದ್ದು 1906ರ ಮೇ 29ರಂದು, ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ. ಲಂಬಾಣಿ ಹೆಂಗಸರಿಗೆ ಹಾಡು ಬೇರೆ, ಕುಣಿತ ಬೇರೆ ಅಲ್ಲ. ದೀಪಾವಳಿಯ ರಾತ್ರಿ ತಾಂಡ್ಯದ ಹೆಣ್ಣುಮಕ್ಕಳು ದೀಪ ಹಿಡಿದು, ‘ಮೇರಾ’ ಎಂಬ ಹಬ್ಬದ ಹಾರೈಕೆ ಕೋರುತ್ತ, ಹಾಡಿಕೊಂಡು ಮನೆಮನೆಗೆ ಹೋಗುವುದು ಇವತ್ತಿಗೂ ಉಂಟು. ಆದರೆ ವೆಂಕಟಲಕ್ಷಮ್ಮನವರ ಕಲಿಕೆ ನಡೆದದ್ದು ಬೇರೆ ಕಡೆ. ಎಂಟು ವರ್ಷದ ಮೊಮ್ಮಗಳನ್ನು ಅಜ್ಜ ಅಜ್ಜಿ ಮೈಸೂರಿಗೆ ಕರೆದೊಯ್ದು ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರ ಮನೆಯಲ್ಲಿ ಬಿಟ್ಟರು.

ತಾಯಮ್ಮ ಸಾಮಾನ್ಯರಲ್ಲ. ಪೈಲ್ವಾನರ ಮಗಳು, ಚಿಕ್ಕ ವಯಸ್ಸಿನಲ್ಲೇ ಅರಮನೆಯಲ್ಲಿ ಕುಣಿದು ಹೆಸರು ಮಾಡಿದವರು, ಅಮೆರಿಕದಿಂದ ಬಂದ ನರ್ತಕಿ ರಾಗಿಣಿದೇವಿಗೂ ಪಾಠ ಹೇಳಿಕೊಟ್ಟವರು. ಅವರ ಗುರುಕುಲದಲ್ಲಿ ಹುಡುಗಿಗೆ ಬರೀ ಅಡವು ಕಲಿತರೆ ಸಾಲುತ್ತಿರಲಿಲ್ಲ. ದೇವೋತ್ತಮ ಜೋಯಿಸರು, ಶಾಂತಾ ಶಾಸ್ತ್ರಿಗಳು, ಗಿರಿಭಟ್ಟರು ಸಂಸ್ಕೃತ ಹೇಳಿಕೊಟ್ಟರು. ಸಂಗೀತಕ್ಕೆ ಸಿ. ರಾಮರಾಯರು, ಬಿ. ದೇವೇಂದ್ರಪ್ಪನವರು. ತಾಂಡ್ಯದ ಮಾತು ಲಂಬಾಣಿ, ಊರಿನ ಮಾತು ಕನ್ನಡ, ಹಾಡಬೇಕಾದ ಪದಗಳು ತೆಲುಗಿನವು, ಶ್ಲೋಕಗಳು ಸಂಸ್ಕೃತದವು. ಇಷ್ಟನ್ನೂ ಅರಗಿಸಿಕೊಂಡ ಹುಡುಗಿ ಹನ್ನೆರಡನೆಯ ವಯಸ್ಸಿಗೆ ರಂಗಪ್ರವೇಶ ಮಾಡಿದಳು. 1918ರಿಂದ ಸುಮಾರು ಮೂವತ್ತು ವರ್ಷ ಗುರು ಶಿಷ್ಯೆ ಜೊತೆಯಾಗಿ ಕಾರ್ಯಕ್ರಮ ಕೊಟ್ಟರು.

ಆ ಕಾಲ ನರ್ತಕಿಯರ ಪಾಲಿಗೆ ಸುಲಭದ್ದಾಗಿರಲಿಲ್ಲ. ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ಮೈಸೂರು ಸರ್ಕಾರ 1909ರಲ್ಲೇ ನಿಲ್ಲಿಸಿತ್ತು. ಸುಧಾರಣೆಯ ಉದ್ದೇಶ ಸರಿ, ಆದರೆ ಕಲೆಯನ್ನೇ ನಂಬಿದ್ದ ಹೆಂಗಸರಿಗೆ ದೇವಸ್ಥಾನದ ಬಾಗಿಲು ಮುಚ್ಚಿದಂತಾಯಿತು. ಮದ್ರಾಸಿನಲ್ಲಂತೂ ನಾಚ್ ವಿರೋಧಿ ಚಳವಳಿ ಜೋರಾಗಿತ್ತು. 1930ರ ದಶಕದಲ್ಲಿ ಸದಿರ್ ಎಂಬ ಹಳೆಯ ಕುಣಿತ ಭರತನಾಟ್ಯವೆಂಬ ಹೊಸ ಹೆಸರಲ್ಲಿ ಮೇಲ್ವರ್ಗದ ಮನೆಗಳನ್ನು ಹೊಕ್ಕಿತು. ಮೈಸೂರಿನಲ್ಲಿ ಅರಮನೆಯ ಬಾಗಿಲು ಮಾತ್ರ ತೆರೆದೇ ಇತ್ತು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೆಂಕಟಲಕ್ಷಮ್ಮನವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಮುಂದಿನ ವರ್ಷವೇ ನಾಲ್ವಡಿಯವರು ತೀರಿಕೊಂಡರು. ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಸ್ವತಃ ವಾಗ್ಗೇಯಕಾರರು. ಹಾಗಾಗಿ ಅವರ ಕಾಲದಲ್ಲೂ ವೆಂಕಟಲಕ್ಷಮ್ಮನವರ ಆಸ್ಥಾನದ ಸೇವೆ ಮುಂದುವರಿಯಿತು.

ಅವರ ಹೆಚ್ಚುಗಾರಿಕೆ ಇದ್ದದ್ದು ಅಭಿನಯದಲ್ಲಿ. ಕ್ಷೇತ್ರಯ್ಯನ ಪದ, ಜಾವಳಿ, ಜಯದೇವನ ಅಷ್ಟಪದಿ, ಅಮರುಕನ ಶ್ಲೋಕ — ಇವು ಮೈಸೂರು ಶೈಲಿಯ ಬಂಡವಾಳ. ತಡವಾಗಿ ಮನೆಗೆ ಬಂದ ನಲ್ಲನನ್ನು ನಾಯಿಕೆ ಕೇಳುವ ಒಂದೇ ಸಾಲು ಎಂದಿಟ್ಟುಕೊಳ್ಳಿ. ಕಲಾವಿದೆ ಅದನ್ನು ಮತ್ತೆ ಮತ್ತೆ ಹಾಡುತ್ತಾಳೆ. ಒಮ್ಮೆ ಮುನಿಸು, ಒಮ್ಮೆ ಕೊಂಕು, ಒಮ್ಮೆ ಬೇಡಿಕೆ, ಇನ್ನೊಮ್ಮೆ ‘ನನಗೆಲ್ಲ ಗೊತ್ತು’ ಎಂಬ ನಗೆ. ಬೇರೆಯವರು ಹಾಡುವಾಗ ನರ್ತಕಿ ಅವರ ಲಯಕ್ಕೆ ಕಾಯಬೇಕು. ತಾನೇ ಹಾಡಿಕೊಂಡರೆ ಆ ಹಂಗಿಲ್ಲ; ಹುಬ್ಬು ಏರುವ ಗಳಿಗೆಯಲ್ಲೇ ಸ್ವರವನ್ನೂ ಏರಿಸಬಹುದು. ಮದ್ರಾಸಿನ ಬಾಲಸರಸ್ವತಿ ಹೀಗೆ ಹಾಡಿ ಅಭಿನಯಿಸಿ ಲೋಕಪ್ರಸಿದ್ಧರಾದರು. ವೆಂಕಟಲಕ್ಷಮ್ಮ ಅದೇ ಸಾಲಿನವರು, ವಯಸ್ಸಿನಲ್ಲಿ ಹನ್ನೆರಡು ವರ್ಷ ಹಿರಿಯರು. ಹೊರಗಿನ ಪ್ರಸಿದ್ಧಿ ಮಾತ್ರ ಅಷ್ಟು ಸಿಗಲಿಲ್ಲ. ಅರಮನೆಯ ಕಲಾವಿದೆಗೆ ಆಶ್ರಯ ಸಿಕ್ಕಷ್ಟು ಪ್ರಚಾರ ಸಿಗುವುದಿಲ್ಲವಲ್ಲ!

ವೃದ್ಧಾಪ್ಯದಲ್ಲಿ ಅವರು ಕೂತಲ್ಲೇ ಅಭಿನಯ ತೋರಿಸುತ್ತಿದ್ದರು. ಕಣ್ಣು, ಹುಬ್ಬು, ಎರಡು ಕೈ ಮತ್ತು ನಡುಗುವ ಕಂಠ. ಅಷ್ಟರಲ್ಲೇ ಹದಿನಾರರ ನಾಯಿಕೆ ಎದುರಿಗೆ ಬಂದು ನಿಲ್ಲುತ್ತಿದ್ದಳು.

ಸಂಸ್ಥಾನಗಳು ಭಾರತದಲ್ಲಿ ವಿಲೀನವಾದ ಮೇಲೆ ಆಸ್ಥಾನ ಕಲಾವಿದರಲ್ಲಿ ಅನೇಕರು ಮೂಲೆ ಸೇರಿದರು. ವೆಂಕಟಲಕ್ಷಮ್ಮ ಹಾಗೆ ಕೂರಲಿಲ್ಲ. ಭಾರತೀಯ ನೃತ್ಯ ನಿಕೇತನ ಎಂಬ ಸ್ವಂತ ಶಾಲೆ ತೆರೆದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆದವರು ಇವರೇ. ಗುರುವಿನ ಮನೆಯಲ್ಲಿ ಬಾಯಿಪಾಠದಿಂದ ಕಲಿತದ್ದನ್ನು ಗಂಟೆ ಹೊಡೆಯುವ ತರಗತಿಗೆ ಹೊಂದಿಸುವುದು ಸಣ್ಣ ಕೆಲಸವಲ್ಲ. 1974ರಲ್ಲಿ ನಿವೃತ್ತರಾದರು. 1977ರಲ್ಲಿ ಅದೇ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. ನಿವೃತ್ತಿಯ ನಂತರ ಬೆಂಗಳೂರಿನ ನೂಪುರ ಶಾಲೆಯಲ್ಲಿ ಮೈಸೂರು ಶೈಲಿಯ ಸೂಕ್ಷ್ಮಗಳನ್ನು ಹೇಳಿಕೊಟ್ಟರು. ಇವತ್ತು ಆ ಶೈಲಿಯ ಪದಗಳು ವೇದಿಕೆಯ ಮೇಲೆ ಉಳಿದಿದ್ದರೆ ಅದರಲ್ಲಿ ಈ ಪಾಠಗಳ ಪಾಲು ದೊಡ್ಡದು.

ಪ್ರಶಸ್ತಿಗಳೂ ಬಂದವು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪುರಸ್ಕಾರ, 1988ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 1992ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಪದ್ಮಭೂಷಣ. 2002ರ ಜುಲೈ 1ರಂದು ಅವರು ತೀರಿಕೊಂಡರು.

ಕಡೂರು ಸೀಮೆಯವರು ದೇವನೂರಿನ ಕವಿ ಲಕ್ಷ್ಮೀಶನ ಹೆಸರನ್ನು ಅಭಿಮಾನದಿಂದ ಹೇಳುತ್ತಾರೆ, ಅಜ್ಜಂಪುರದವರು ಕತೆಗಾರ ಆನಂದರ ಹೆಸರನ್ನು. ಆ ಸಾಲಿನಲ್ಲಿ ತಂಗಲಿ ತಾಂಡ್ಯದ ಈ ಹೆಣ್ಣುಮಗಳೂ ನಿಲ್ಲಬೇಕು. ಶಾಲಾ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡು ಹಾಕಿ ಮಕ್ಕಳನ್ನು ಕುಣಿಸುವ ಮೇಷ್ಟ್ರುಗಳು, ಟೀಚರುಗಳು ಒಂದು ವರ್ಷವಾದರೂ ಒಂದು ಜಾವಳಿಯನ್ನೋ ಲಂಬಾಣಿ ಪದವನ್ನೋ ಮಕ್ಕಳ ಬಾಯಲ್ಲೇ ಹಾಡಿಸಿ, ಕುಣಿಸಿ, ವೆಂಕಟಲಕ್ಷಮ್ಮನವರ ಹೆಸರು ಹೇಳಲಿ.