ಸೊಸೆಯ ಕಾಡುಸವಾರಿಯೂ ನನ್ನ ಅಂಟಿನುಂಡೆಯೂ

ಮೆಲ್ಬರ್ನ್‌ಗೆ ಹೋದ ನಾಲ್ಕನೇ ದಿನ ಮಗನ ಮನೆಯ ಕಾರ್ ಷೆಡ್ಡಿನ ಬಾಗಿಲು ತೆಗೆದಾಗ ಅದನ್ನು ಮೊದಲು ಕಂಡೆ. ಎತ್ತರಕ್ಕೆ, ತೆಳ್ಳಗೆ, ಮೈಗೆಲ್ಲ ಒಣಗಿದ ಕೆಸರು ಮೆತ್ತಿಕೊಂಡು, ಬಡಕಲು ಒಂಟೆಯ ಹಾಗೆ ಮೂಲೆಯಲ್ಲಿ ನಿಂತಿತ್ತು ಒಂದು ಮೋಟಾರ್ ಸೈಕಲ್ಲು. ಸೀಟು ನನ್ನ ಸೊಂಟಕ್ಕಿಂತ ಮೇಲೆ. ಟೈರುಗಳ ತುಂಬ ಟ್ರಾಕ್ಟರಿನ ಚಕ್ರಕ್ಕಿರುವಂಥ ಗಡ್ಡೆಗಳು.

"ಇದು ಯಾರದೋ?" ಎಂದೆ. ಮಗ ತಲೆ ಕೆರೆದುಕೊಂಡ. "ನಂದಲ್ಲ ಅಮ್ಮ, ಅವಳದು."

ನನ್ನ ಮಗನಿಗೆ ಸೈಕಲ್ ಸವಾರಿಯೂ ಸರಿಯಾಗಿ ಬಾರದು. ಸೊಸೆ ಕೆಲಸಕ್ಕೆ ಸ್ಕೂಟರಿನಲ್ಲೋ ಬೈಕಿನಲ್ಲೋ ಹೋಗುತ್ತಾಳೆಂದು ನಾನು ತಿಳಿದಿದ್ದೆ. ಇದು ಹಾಗಲ್ಲವಂತೆ. ತಿಂಗಳಿಗೊಂದು ಭಾನುವಾರ ಹತ್ತು ಹದಿನೈದು ಜನ ಸೇರಿಕೊಂಡು, ಊರಿಂದ ನೂರಾರು ಮೈಲಿ ದೂರದ ಬೆಟ್ಟಗಳಿಗೆ ಹೋಗಿ, ಟಾರು ಕಾಣದ ಕಾಡುದಾರಿಗಳಲ್ಲಿ ಇಡೀ ದಿನ ಹತ್ತಿಳಿಯುವುದಂತೆ. ಯಾರೂ ಪಂದ್ಯ ಕಟ್ಟಿರುವುದಿಲ್ಲ, ಗೆದ್ದವರಿಗೆ ಬಹುಮಾನವೂ ಇಲ್ಲ. ಮತ್ತೆ ಯಾಕೆ ಹೋಗುವುದು ಎಂದು ಕೇಳಿದರೆ ಸೊಸೆ ನಕ್ಕು ಸುಮ್ಮನಾದಳು.

ನಾನು ಸುಮ್ಮನಾಗಲಿಲ್ಲ. ಅಡಿಗೆಮನೆಯಲ್ಲಿ ಒಂದು ಸಂಜೆ, ಮದುವೆಯಾಗಿ ಐದು ವರ್ಷವಾಯಿತಲ್ಲ ಎಂಬ ಸಂಕಟದಲ್ಲಿ, "ಹೀಗೆ ಮೈ ಕುಲುಕಾಡಿಸಿಕೊಂಡು ತಿರುಗಿದರೆ ಮಕ್ಕಳಾಗೋದು ಹೇಗಮ್ಮ?" ಎಂದುಬಿಟ್ಟೆ. ಅವಳು ಒಲೆ ಆರಿಸಿ ಹೊರಗೆ ಹೋದಳು. ಆ ಮಾತನ್ನು ಆಡಬಾರದಿತ್ತೆಂದು ತಿಳಿಯಲು ನನಗೆ ಇನ್ನೂ ಮೂರು ವಾರ ಬೇಕಾಯಿತು.

ಮಾತಿನ ತಪ್ಪನ್ನು ತಿಂಡಿಯಲ್ಲಿ ಸರಿಮಾಡುವುದು ನಮ್ಮ ಕಡೆಯ ಪದ್ಧತಿ. ಅಂಟು, ಕೊಬ್ಬರಿ, ಉತ್ತುತ್ತೆ ಎಲ್ಲ ಅಲ್ಲಿನ ಇಂಡಿಯನ್ ಅಂಗಡಿಯಲ್ಲೇ ಸಿಕ್ಕಿತು. ನಲವತ್ತು ಅಂಟಿನುಂಡೆ ಕಟ್ಟಿದೆ. ಬಾಣಂತಿಗೆ ಕೊಡುವ ಉಂಡೆಯನ್ನು ಬೈಕಿನವರಿಗೆ ಕಟ್ಟಿಕೊಡುವ ಕಾಲ ಬಂತಲ್ಲಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡು, "ನಾನೂ ಬರ್ತೀನಿ, ಅದೇನು ಸವಾರಿ ಅಂತ ನೋಡ್ತೀನಿ" ಎಂದೆ.

2023ರ ಮೇ ತಿಂಗಳ ಕೊನೆಯ ಭಾನುವಾರ. ನಮ್ಮಲ್ಲಿ ಸೆಕೆಗೆ ಬೀಸಣಿಗೆ ಹಿಡಿದು ಕೂರುವ ದಿನಗಳಲ್ಲಿ ಅಲ್ಲಿ ಚಳಿಗಾಲದ ಹೊಸ್ತಿಲು. ಬೆಳಗಿನ ಐದಕ್ಕೇ ಹೊರಟು, ಮೆಲ್ಬರ್ನ್‌ನ ಪೂರ್ವಕ್ಕೆ ಬಾ ಬಾ ಎಂಬ ಬೆಟ್ಟದ ಬುಡದಲ್ಲಿರುವ ಎರಿಕಾ ಎಂಬ ಪುಟ್ಟ ಊರಿಗೆ ಹೋದೆವು. ಬೆಟ್ಟಕ್ಕೆ ಅಂಥ ಹೆಸರು ಯಾಕಿಟ್ಟರೋ, ಕರೆದಂತೆಯೇ ಇದೆ!

ಹದಿನಾಲ್ಕು ಜನ ಸೇರಿದ್ದರು. ಮೂವರು ಹೆಂಗಸರು. ಮುಂದಾಳು ನಿವೃತ್ತ ಶಾಲಾ ಮಾಸ್ತರರು, ವಯಸ್ಸು ಅರವತ್ತು ದಾಟಿದೆ. ವೇಷ ನೋಡಬೇಕಿತ್ತು! ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದಂಥ ಗಟ್ಟಿ ಬೂಟು, ಮಂಡಿಗೆ ಚಿಪ್ಪು, ಎದೆಗೂ ಬೆನ್ನಿಗೂ ಕವಚ, ಬೆನ್ನ ಮೇಲೆ ನೀರಿನ ಚೀಲ, ಅದರಿಂದ ಬಾಯಿಗೆ ಒಂದು ನಳಿಕೆ. ತಲೆಗೆ ಹೆಲ್ಮೆಟ್ಟಂತೂ ಸರಿಯೇ. ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವೆಂದು ಜಗತ್ತಿನಲ್ಲೇ ಮೊದಲು, 1961ರಲ್ಲಿ, ಕಾನೂನು ಮಾಡಿದ್ದು ಇದೇ ವಿಕ್ಟೋರಿಯಾ ರಾಜ್ಯವಂತೆ. ಕಾಡೆಂದು ಹೇಳಿ ಹೇಗೆ ಬೇಕೋ ಹಾಗೆ ನುಗ್ಗುವಂತೆಯೂ ಇಲ್ಲ. ಸರ್ಕಾರಿ ಕಾಡಿನೊಳಗೂ ಗಾಡಿಗೆ ನೋಂದಣಿ, ಸವಾರರಿಗೆ ಲೈಸೆನ್ಸು ಇರಲೇಬೇಕು. ದಾರಿ ಬಿಟ್ಟು ಗಿಡಗಳ ಮೇಲೆ ಓಡಿಸಿದರೆ ದಂಡ. ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಎಷ್ಟೋ ದಾರಿಗಳಿಗೆ ಗೇಟು ಹಾಕಿ ಬೀಗ ಜಡಿಯುತ್ತಾರೆ. ಮಳೆ ಮತ್ತು ಹಿಮದಲ್ಲಿ ನೆನೆದ ಮಣ್ಣಿನ ಮೇಲೆ ಚಕ್ರ ಓಡಿದರೆ ದಾರಿಯೇ ಕೊಚ್ಚಿ ಹೋಗುತ್ತದೆಂದು. ನಮ್ಮ ಊರಿನ ಮರಳು ಲಾರಿಗಳಿಗೆ ಯಾರಾದರೂ ಈ ಮಾತು ಹೇಳಬೇಕು.

ಹೊರಡುವ ಮೊದಲು ಮಾಸ್ತರರು ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಒಂದು ನಿಯಮ ಹೇಳಿದರು. ಮಗ ನನಗೆ ಕನ್ನಡದಲ್ಲಿ ಹೇಳಿದ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅದೇ ಇದರಲ್ಲಿ ಮುಖ್ಯ.

ಕಾಡಿನಲ್ಲಿ ಹದಿನಾಲ್ಕು ಗಾಡಿ ಒಂದರ ಬಾಲ ಒಂದು ಹಿಡಿದು ಹೋಗಲಾಗದು. ಧೂಳಿಗೆ ಕಣ್ಣು ಕಾಣದು, ಮುಂದಿನವರು ಬಿದ್ದರೆ ಹಿಂದಿನವರು ಅವರ ಮೇಲೇ ಹೋಗುತ್ತಾರೆ. ಆದ್ದರಿಂದ ಅಂತರ ಬಿಟ್ಟೇ ಹೋಗಬೇಕು. ಅಂತರ ಬಿಟ್ಟರೆ ಕವಲುದಾರಿಯಲ್ಲಿ ಹಿಂದಿನವರು ದಾರಿ ತಪ್ಪುತ್ತಾರೆ. ಇದಕ್ಕೆ ಅವರು ಮಾಡಿಕೊಂಡ ಉಪಾಯ ಹೀಗೆ. ಎಲ್ಲರಿಗಿಂತ ಮುಂದೆ ದಾರಿ ಬಲ್ಲ ಮುಂದಾಳು, ಎಲ್ಲರಿಗಿಂತ ಹಿಂದೆ ಪಳಗಿದ ಒಬ್ಬ ಬಾಲದಾಳು. ಇವರಿಬ್ಬರೂ ಜಾಗ ಬದಲಿಸುವಂತಿಲ್ಲ. ತಿರುವು ಬಂತೆಂದರೆ ಮುಂದಾಳಿನ ಹಿಂದೆಯೇ ಇರುವವರು ಅಲ್ಲಿ ನಿಂತುಬಿಡಬೇಕು. ಹಿಂದೆ ಬರುವ ಪ್ರತಿಯೊಬ್ಬರಿಗೂ ಕೈ ತೋರಿಸಿ ದಾರಿ ಹೇಳಬೇಕು. ಕೊನೆಗೆ ಬಾಲದಾಳು ಬಂದಾಗ ಮಾತ್ರ ಗಾಡಿ ಹತ್ತಿ ಅವರ ಮುಂದೆ ಹೊರಡಬೇಕು. ಮುಂದಿನ ತಿರುವಿಗೆ ಬೇರೊಬ್ಬರು. ಹೀಗೆ ಹೊಸಬರಿರಲಿ, ಹಳಬರಿರಲಿ, ದಿನದಲ್ಲಿ ಎರಡು ಮೂರು ಸಲ ಎಲ್ಲರಿಗೂ ಒಂಟಿಯಾಗಿ ಕಾಡಿನಲ್ಲಿ ಕಾಯುವ ಸರದಿ ಬರುತ್ತದೆ. ಐದು ನಿಮಿಷವಾಗಲಿ, ಒಂದು ಗಂಟೆಯಾಗಲಿ, ಬಾಲದಾಳು ಬರುವ ತನಕ ತಿರುವು ಬಿಡಬಾರದು.

ಮದುವೆ ದಿಬ್ಬಣದ ಬಸ್ಸಿನಲ್ಲಿ ಮೂರು ಸಲ ತಲೆ ಎಣಿಸಿಯೂ ಅಜ್ಜಿಯನ್ನು ಹೋಟೆಲಿನಲ್ಲೇ ಬಿಟ್ಟು ಬಂದ ಮನೆತನ ನಮ್ಮದು. ನನಗೆ ಈ ಏರ್ಪಾಡು ಬಹಳ ಹಿಡಿಸಿತು.

ಗಾಡಿಗಳು ಗುಂಯ್‌ಗುಟ್ಟಿಕೊಂಡು ಮರಗಳ ಸಂದಿಯಲ್ಲಿ ಮರೆಯಾದವು. ನಾನೂ ಮಗನೂ ಕಾರಿನಲ್ಲಿ ಊಟದ ಜಾಗಕ್ಕೆ, ವಾಲ್ಹಲ್ಲಾ ಎಂಬ ಊರಿಗೆ ಹೋದೆವು. ಕಣಿವೆಯ ತಳದಲ್ಲಿ ಒಂದು ತೊರೆ, ತೊರೆಯ ಪಕ್ಕಕ್ಕೆ ಒಂದೇ ಸಾಲು ಹಳೆಯ ಮನೆಗಳು. 1863ರ ಸುಮಾರಿಗೆ ಇಲ್ಲಿ ಚಿನ್ನ ಸಿಕ್ಕು ಸಾವಿರಾರು ಜನ ಬಂದು ನೆಲೆಸಿದರಂತೆ. ಚಿನ್ನ ಮುಗಿಯಿತು, ಜನ ಹೋದರು. ಊರಿಗೆ ಕರೆಂಟಿನ ತಂತಿ ಬಂದದ್ದು 1998ರಲ್ಲಿ! ನಮ್ಮ ಹಳ್ಳಿಗೇ ಅದಕ್ಕಿಂತ ಮೊದಲು ಬಂದಿತ್ತು. ಗಣಿಯವರು, ಮರ ಕಡಿಯುವವರು, ಕಾಡ್ಗಿಚ್ಚು ಆರಿಸುವವರು ಮಾಡಿಕೊಂಡ ದಾರಿಗಳೇ ಈಗ ಇವರ ಸವಾರಿಯ ದಾರಿಗಳು.

ಸುತ್ತಲೂ ನೀಲಗಿರಿ ಮರ. ನಮ್ಮ ಕಡೆ ಸೌದೆಗೆ ಬೆಳೆಸುವ ನೀಲಗಿರಿಯ ತವರುಮನೆ ಇದೇ ದೇಶ. ಟಿಪ್ಪು ಸುಲ್ತಾನ ನಂದಿಬೆಟ್ಟದ ತೋಟದಲ್ಲಿ 1790ರ ಸುಮಾರಿಗೆ ಹಾಕಿಸಿದ್ದೇ ನಮ್ಮ ದೇಶಕ್ಕೆ ಮೊದಲೆಂದು ಹೇಳುತ್ತಾರೆ. ಇಲ್ಲಿನ ಬೆಟ್ಟಗಳಲ್ಲಿ ಬೆಳೆಯುವ ಒಂದು ಜಾತಿಯಂತೂ ಹೂ ಬಿಡುವ ಮರಗಳಲ್ಲೆಲ್ಲ ಜಗತ್ತಿನಲ್ಲೇ ಎತ್ತರವಾದದ್ದು, ನೂರು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಇಂಥ ಮರಗಳಿಂದ ಗಾಳಿ ಇಲ್ಲದಾಗಲೂ ದೊಡ್ಡ ಕೊಂಬೆ ಒಮ್ಮೊಮ್ಮೆ ಮುರಿದು ಬೀಳುವುದುಂಟು. ಅಂಥ ಕೊಂಬೆಗೆ ಅಲ್ಲಿನವರು ಇಟ್ಟ ಹೆಸರು 'ವಿಡೋ ಮೇಕರ್', ಅಂದರೆ ವಿಧವೆ ಮಾಡುವುದು. ಮಗ ಇದನ್ನು ನನಗೆ ಹೇಳಬಾರದಿತ್ತು.

ಊಟಕ್ಕೆ ಹನ್ನೆರಡೂವರೆ ಎಂದಿದ್ದರು. ಒಂದು ಗಂಟೆಯಾಯಿತು. ಒಂದೂಕಾಲಿಗೆ ಶಬ್ದ ಕೇಳಿಸಿತು. ಎಣಿಸಿದೆ, ಎಂಟು ಗಾಡಿ. ಇನ್ನೊಮ್ಮೆ ಎಣಿಸಿದೆ. ನಮ್ಮವಳು ಇಲ್ಲ.

ಕೈಕಾಲು ತಣ್ಣಗಾಯಿತು. ಮಗನ ಫೋನಿಗೆ ಸಿಗ್ನಲ್ ಇಲ್ಲ. ಮಾಸ್ತರರು ಹೆಲ್ಮೆಟ್ ತೆಗೆದು ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಒಂಬತ್ತನೆಯವನು ಬಂದು ಸುದ್ದಿ ಹೇಳಿದ. ಇಳಿಜಾರಿನಲ್ಲಿ ಮಳೆನೀರು ಕೊರೆದ ಕೊರಕಲು, ಮೇಲೆ ತರಗೆಲೆ ಮುಚ್ಚಿತ್ತಂತೆ. ಒಬ್ಬ ಹುಡುಗನ ಮುಂದಿನ ಚಕ್ರ ಅದರಲ್ಲಿ ಸಿಕ್ಕಿ, ಹುಡುಗ ಹಾರಿ ಬಿದ್ದು ಭುಜದ ಎಲುಬು ಮುರಿದಂತಿದೆ. ಬಾಲದಾಳೂ ಇನ್ನೊಬ್ಬರೂ ಅವನ ಜೊತೆ ಇದ್ದಾರೆ.

"ನನ್ನ ಸೊಸೆ?"

ಅವಳು ತಿರುವಿನಲ್ಲಿದ್ದಾಳೆ, ಎಂದ. ಅದೇನು ದೊಡ್ಡ ವಿಷಯವೇ ಎನ್ನುವ ಹಾಗೆ.

ಬಾಲದಾಳಿನ ಚೀಲದಲ್ಲಿ ಔಷಧಿಪೆಟ್ಟಿಗೆಯೂ, ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ದಳಕ್ಕೆ ಜಾಗ ತಿಳಿಸುವ ಒಂದು ಸಣ್ಣ ಯಂತ್ರವೂ ಇತ್ತು. ಆದರೆ ಹುಡುಗನಿಗೆ ನಡೆಯಲು ಆಗುತ್ತಿದ್ದುದರಿಂದ ಅದನ್ನು ಒತ್ತಲಿಲ್ಲವಂತೆ. ನಮ್ಮ ಕಾರು ಮಣ್ಣುರಸ್ತೆ ಹತ್ತಬಲ್ಲ ಜೀಪಿನಂಥದು. ಮಾಸ್ತರರು ಮುಂದೆ ಬೈಕಿನಲ್ಲಿ, ನಾವು ಹಿಂದೆ. ಅಬರ್‌ಫೆಲ್ಡಿಯ ಕಡೆಗೆ ಹೋಗುವ ಕಾಡುರಸ್ತೆಯಲ್ಲಿ ಸುತ್ತಿ ಸುತ್ತಿ ಏರಿದೆವು. ಒಂದು ಕಡೆ ಪ್ರಪಾತ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಕಣ್ಣು ಬಿಟ್ಟಾಗ ಅವಳು ಕಂಡಳು. ಸಣ್ಣ ದಾರಿಯೊಂದು ರಸ್ತೆಗೆ ಬಂದು ಸೇರುವ ಕಡೆ, ಗಾಡಿಯನ್ನು ಓರೆಯಾಗಿ ನಿಲ್ಲಿಸಿಕೊಂಡು, ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ, ಮೈಯೆಲ್ಲ ಕೆಸರಾಗಿ ನಿಂತಿದ್ದಾಳೆ. ಆಗಲೇ ಒಂದು ಗಂಟೆಯ ಮೇಲಾಗಿತ್ತು. ಹನಿ ಮಳೆ ಬೇರೆ. ಮಾಸ್ತರರು ಒಳದಾರಿಗೆ ಇಳಿದರು, ಮಗ ಕಂಬಳಿಯನ್ನೂ ನೀರನ್ನೂ ಹಿಡಿದು ಅವರ ಹಿಂದೆ ನಡೆದ. ನಾವಿಬ್ಬರೇ ಉಳಿದೆವು.

"ಕಾರೊಳಗೆ ಕೂತ್ಕೋ ಬಾ. ತುಟಿ ನೀಲಿಯಾಗಿದೆ," ಎಂದೆ.

"ಕೂತ್ರೆ ಕಾಣೋಲ್ಲ ಅತ್ತೆ. ಇನ್ನೂ ಒಬ್ಬರು ಹಿಂದೆ ಬರೋರಿದಾರೆ. ಅವರಿಗೆ ನಾನು ಕಾಣಬೇಕು."

ನಾನೂ ಇಳಿದು ಅವಳ ಪಕ್ಕ ನಿಂತೆ. ಸೀರೆಯ ಮೇಲೆ ಮಗನ ಕೋಟು, ತಲೆಗೆ ಶಾಲು. ಅಂಟಿನುಂಡೆ ಎರಡು ಕೊಟ್ಟೆ. ಆಗಲೇ ಎರಡು ಜೇಬಿನಲ್ಲಿಟ್ಟುಕೊಂಡು ಬಂದು ತಿಂದು ಮುಗಿಸಿದ್ದಳಂತೆ. "ಇಷ್ಟು ಹೊತ್ತು ನಿಲ್ಲೋಕೆ ಅದೇ ಆಧಾರ ಆಯ್ತು," ಎಂದಳು.

ಭಯ ಆಗೋಲ್ವಾ ಎಂದು ಕೇಳಿದೆ. ಓಡಿಸುವಾಗ ಆಗುತ್ತದೆ, ನಿಂತಾಗ ಇಲ್ಲ ಎಂದಳು. ಇಳಿಜಾರಿನಲ್ಲಿ ಕಲ್ಲನ್ನೇ ನೋಡುತ್ತಿದ್ದರೆ ಗಾಡಿ ಕಲ್ಲಿಗೇ ಹೋಗಿ ಹೊಡೆಯುತ್ತದಂತೆ. ಕಣ್ಣು ಹೋಗಬೇಕಾದ ಜಾಗದ ಮೇಲಿರಬೇಕು. ಸೀಟಿನ ಮೇಲೆ ಕೂರದೆ ಕಾಲ್ಮೆಟ್ಟಿನ ಮೇಲೆ ನಿಂತು, ಮಂಡಿ ಸಡಿಲ ಬಿಟ್ಟರೆ ಗಾಡಿ ಕುಣಿದರೂ ಮೈ ಕುಣಿಯುವುದಿಲ್ಲ.

ಮೈ ಕುಣಿಯುವುದಿಲ್ಲ ಎಂದವಳು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. "ಹೋದ ಆಗಸ್ಟಲ್ಲಿ ನಂಗೆ ಮೂರನೇ ತಿಂಗಳಿಗೆ ಹೋಯ್ತು ಅತ್ತೆ. ನಿಮಗೆ ಹೇಳ್ಬೇಡಿ ಅಂತ ಅವರಿಗೆ ನಾನೇ ಅಂದಿದ್ದೆ. ಗೊತ್ತಾದ ದಿನದಿಂದ ಗಾಡಿ ಮುಟ್ಟಿರಲಿಲ್ಲ. ಷೆಡ್ಡಿಗೂ ಹೋಗಿರಲಿಲ್ಲ."

ನನಗೆ ಮಾತೇ ಹೊರಡಲಿಲ್ಲ.

ಹೀಗೆ ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ, ತಾಯಿ ಮಾಡಿದ್ದರಿಂದಲೋ ಬಿಟ್ಟಿದ್ದರಿಂದಲೋ ಅಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರಂತೆ. ಅವಳಿಗೆ ಅದು ಬುದ್ಧಿಗೆ ತಿಳಿದಿತ್ತು. ಆದರೂ ಮನೆಯೊಳಗೆ ಕೂತರೆ ಉಸಿರು ಕಟ್ಟುತ್ತಿತ್ತು. ನಾಲ್ಕು ತಿಂಗಳ ಮೇಲೆ ಡಾಕ್ಟರನ್ನು ಕೇಳಿಯೇ ಮತ್ತೆ ಈ ಗುಂಪಿನ ಜೊತೆ ಹೊರಟಳಂತೆ. "ಇಲ್ಲಿ ಯಾರೂ ಏನೂ ಕೇಳೋಲ್ಲ. ಆದ್ರೆ ಹಿಂದೆ ಉಳಿದ್ರೆ ಯಾರಾದ್ರೂ ಒಬ್ರು ನಿಂತಿರ್ತಾರೆ."

ನಾನು ಅವಳ ಕೆಸರುಗೈ ಹಿಡಿದುಕೊಂಡೆ. ಪೊದೆಯೊಳಗಿಂದ ಯಾವುದೋ ಹಕ್ಕಿ ಬೇರೆ ಬೇರೆ ಹಕ್ಕಿಗಳ ದನಿಯನ್ನು ಒಂದಾದ ಮೇಲೊಂದು ಕೂಗುತ್ತಿತ್ತು. ಲೈರ್ ಬರ್ಡ್ ಎಂದಳು, ಚಳಿಗಾಲವೇ ಅದರ ಹಾಡಿನ ಕಾಲವಂತೆ. ಅಡಿಗೆಮನೆಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅತ್ತೆಯಂದಿರಿಗೆ ಅದನ್ನು ಯಾರೂ ಕಲಿಸಿರುವುದಿಲ್ಲ. "ತಪ್ಪಾಯ್ತು ಕಣೇ," ಎಂದಷ್ಟೇ ಅಂದೆ. ಅವಳು ತಲೆ ಆಡಿಸಿದಳು.

ಉಳಿದಿದ್ದ ಒಬ್ಬರು ಮೊದಲು ಬಂದರು. ಸೊಸೆ ಸರಕ್ಕನೆ ಕೈ ನೀಡಿ ಬಲಕ್ಕೆ ತೋರಿಸಿದಳು. ಆಮೇಲೆ ಕೈಗೆ ಜೋಳಿಗೆ ಕಟ್ಟಿಸಿಕೊಂಡ ಹುಡುಗ, ನನ್ನ ಮಗ, ಮಾಸ್ತರರು, ಜೊತೆಗಿದ್ದ ಇಬ್ಬರು. ಹುಡುಗನ ಮುಖ ಬಿಳಿಚಿಕೊಂಡಿತ್ತು. ಆದರೂ ಉಂಡೆ ಬೇಡವೆನ್ನಲಿಲ್ಲ. ಹಾಗೆ ಎಲುಬು ಮುರಿದಾಗ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಯಲ್ಲಿ ಮತ್ತು ಬರಿಸಬೇಕಾಗಬಹುದು ಎಂದು ಬಾಲದಾಳು ಕೈಯಿಂದ ಕಿತ್ತುಕೊಂಡರು. ಇದು ನನಗೂ ಗೊತ್ತಿರಲಿಲ್ಲ, ನೀವೂ ನೆನಪಿಡಿ. ಬಾಲದಾಳು ಬಂದದ್ದೇ ತಡ, ಸೊಸೆ ಹೆಲ್ಮೆಟ್ ಹಾಕಿಕೊಂಡು ಅವರ ಮುಂದೆ ಹೊರಟೇಹೋದಳು, ತಿರುಗಿಯೂ ನೋಡದೆ. ನಿಯಮವೆಂದರೆ ನಿಯಮ.

ಹುಡುಗನನ್ನು ಆಸ್ಪತ್ರೆಗೆ ಮುಟ್ಟಿಸಿ ನಾವು ಮನೆ ಸೇರಿದಾಗ ರಾತ್ರಿ ಒಂಬತ್ತು. ಆರು ವಾರ ಕೈ ಆಡಿಸುವಂತಿಲ್ಲ ಎಂದರಂತೆ.

ಮಾರನೇ ದಿನ ಅಂಗಳದಲ್ಲಿ ಅವಳು ಗಾಡಿ ತೊಳೆಯಲು ಕೂತಳು, ನಾನೂ ಬ್ರಷ್ಷು ಹಿಡಿದೆ. ಟೈರಿನ ಸಂದಿಯ ಮಣ್ಣನ್ನು ಚೂರೂ ಬಿಡದೆ ತೆಗೆಯಬೇಕಂತೆ. ಮಣ್ಣಿನ ಜೊತೆ ಒಂದು ಬೇರುಕೊಳೆ ರೋಗ ಕಾಡಿಂದ ಕಾಡಿಗೆ ಹೋಗುತ್ತದೆ, ಹೆಸರು ಫೈಟಾಫ್ಥೋರಾ ಎಂದಳು. ನನಗೆ ನಗು ಬಂತು. ಸಾಗರದ ಕಡೆಯ ಅಡಿಕೆ ತೋಟದ ಮನೆಯವಳಿಗೆ ಆ ಹೆಸರು ಹೇಳಿಕೊಡಬೇಕೇ? ನಮ್ಮ ಅಡಿಕೆ ಕೊಳೆರೋಗವೂ ಅದೇ ಕುಲದ್ದು, ಜಾತಿ ಬೇರೆ ಅಷ್ಟೆ. ಅದೇ ಹೊತ್ತಿಗೆ ಊರಿನಿಂದ ಇವರ ಫೋನು. ಮೈಲುತುತ್ತ ಸುಣ್ಣ ತಂದಾಗಿದೆ, ಮಳೆ ಹಿಡಿಯುವುದರೊಳಗೆ ಔಷಧಿ ಹೊಡೆಸಬೇಕು, ನೀನೇನು ಮಾಡ್ತಿದ್ದೀಯ ಎಂದರು. "ಬೈಕ್ ತೊಳೀತಿದ್ದೀನಿ," ಎಂದೆ. ಆ ಕಡೆಯಿಂದ ಸದ್ದಿಲ್ಲ. ಇವರ ಹಳೆಯ ಯೆಜ್ಡಿ ಇನ್ನೂ ಕೊಟ್ಟಿಗೆಯಲ್ಲಿದೆ. ಅದನ್ನು ಮಾಡಿದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅದರ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, ಏಳು ತಿಂಗಳ ಬಸುರಿ, ತವರಿನ ಗಾಡಿದಾರಿಯಲ್ಲಿ ಕುಲುಕಾಡಿಕೊಂಡು ಹೋದವಳು ನಾನೇ ಅಲ್ಲವೇ! ಅದು ಆಗ ಹೇಗೆ ಮರೆತುಹೋಗಿತ್ತೋ.

ಉಂಡೆಯ ಅಳತೆ ಕೇಳುವವರಿಗೆ: ಅರ್ಧ ಬಟ್ಟಲು ಅಂಟನ್ನು ಸಣ್ಣ ಉರಿಯಲ್ಲಿ ತುಪ್ಪದಲ್ಲಿ ಅರಳುವ ತನಕ ಕರಿದು ಪುಡಿಮಾಡಿ. ಎರಡು ಬಟ್ಟಲು ಕೊಬ್ಬರಿ ತುರಿ, ಒಂದು ಬಟ್ಟಲು ಬೀಜ ತೆಗೆದು ಜಜ್ಜಿದ ಉತ್ತುತ್ತೆ, ಎರಡು ಚಮಚ ಗಸಗಸೆ ಬೇರೆಬೇರೆಯಾಗಿ ಹುರಿಯಿರಿ. ಒಂದು ಬಟ್ಟಲು ಬೆಲ್ಲದ ಒಂದೆಳೆ ಪಾಕಕ್ಕೆ ಎಲ್ಲ ಸುರಿದು, ಏಲಕ್ಕಿ, ಚೂರು ಜಾಯಿಕಾಯಿ ಹಾಕಿ, ಬಿಸಿಯಿರುವಾಗಲೇ ಕಟ್ಟಿ. ಸವಾರಿಗೆ ಒಯ್ಯುವುದಾದರೆ ನಿಂಬೆಹಣ್ಣಿಗಿಂತ ಸಣ್ಣದಾಗಿರಲಿ, ಕೈಗವಸು ತೆಗೆಯದೆ ಬಾಯಿಗೆ ಹಾಕಿಕೊಳ್ಳುವಂತಿರಬೇಕು.