ಹಳೆ ರೌಟರಿಗೆ ಹೊಸ ಮಿದುಳು

ಟಿ.ವಿ. ಕಪಾಟಿನ ಮೇಲೋ ಗೋಡೆಯ ಮೊಳೆಯ ಮೇಲೋ ಹಸಿರು ದೀಪ ಮಿಣುಕಿಸುತ್ತ ಕೂತಿರುವ ಪುಟ್ಟ ಪೆಟ್ಟಿಗೆ ನಮ್ಮ ಗಮನಕ್ಕೆ ಬರುವುದು ಇಂಟರ್ನೆಟ್ ನಿಂತಾಗ ಮಾತ್ರ. ಅದೇ ವೈಫೈ ರೌಟರ್. ಕೊಂಡು ಐದಾರು ವರ್ಷವಾಯಿತೆಂದರೆ 'ಹಳತಾಯಿತು, ಹೊಸದು ತರೋಣ' ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ತುಸು ತಾಳಿ! ಪೆಟ್ಟಿಗೆ ಗಟ್ಟಿಮುಟ್ಟಾಗಿಯೇ ಇದ್ದು, ಒಳಗಿನ ತಂತ್ರಾಂಶ ಮಾತ್ರ ಹಳತಾಗಿರಬಹುದು. ಅದನ್ನು ಕಾಸು ಖರ್ಚಿಲ್ಲದೆ ನಾವೇ ಬದಲಿಸಿಕೊಳ್ಳಬಹುದು.

ರೌಟರ್ ಎಂದರೆ ಪರದೆ, ಕೀಲಿಮಣೆ ಇಲ್ಲದ ಒಂದು ಪುಟ್ಟ ಕಂಪ್ಯೂಟರ್. ಅದರಲ್ಲಿ ಪ್ರೊಸೆಸರ್ ಇದೆ, ರ‍್ಯಾಮ್ ಇದೆ, ವಿದ್ಯುತ್ ಹೋದರೂ ಅಳಿಯದ ಫ್ಲಾಷ್ ಸ್ಮೃತಿ ಇದೆ. ಆ ಫ್ಲಾಷ್‌ನಲ್ಲಿ ತಯಾರಕರು ತುಂಬಿಸಿದ ತಂತ್ರಾಂಶಕ್ಕೆ 'ಫರ್ಮ್‌ವೇರ್' ಎಂದು ಹೆಸರು. ಕೆಲವು ವರ್ಷಗಳ ನಂತರ ಕಂಪನಿ ಆ ಮಾದರಿಯ ಫರ್ಮ್‌ವೇರನ್ನು ತಿದ್ದುವುದನ್ನೇ ಬಿಟ್ಟುಬಿಡುತ್ತದೆ. ಆಮೇಲೆ ಅದರಲ್ಲಿ ಪತ್ತೆಯಾಗುವ ಲೋಪಗಳೆಲ್ಲ ಬೀಗವಿಲ್ಲದ ಹಿತ್ತಿಲ ಬಾಗಿಲುಗಳಂತೆ ಉಳಿದುಬಿಡುತ್ತವೆ. 2018ರಲ್ಲಿ 'ವಿಪಿಎನ್‌ಫಿಲ್ಟರ್' ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳನ್ನು ಹೊಕ್ಕಿತ್ತು. ಅವುಗಳಲ್ಲಿ ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೌಟರ್‌ಗಳೇ.

ಬೀಗದ ಕೈ ಸಿಕ್ಕ ಕತೆ

2002ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಕಂಪನಿ 'ಡಬ್ಲ್ಯುಆರ್‌ಟಿ54ಜಿ' ಎಂಬ ನೀಲಿ-ಕಪ್ಪು ಬಣ್ಣದ ರೌಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗಿರುವುದು ಲಿನಕ್ಸ್ ಎಂಬುದನ್ನು 2003ರಲ್ಲಿ ಆಸಕ್ತರು ಕಂಡುಹಿಡಿದರು. ಲಿನಕ್ಸನ್ನು ಯಾರೂ ಬಳಸಬಹುದು. ಆದರೆ ಅದನ್ನು ತಿದ್ದಿ ಮಾರುವವರು ಮೂಲ ಸಂಕೇತವನ್ನು ಗ್ರಾಹಕರಿಗೂ ಕೊಡಬೇಕೆಂಬುದು ಜಿಪಿಎಲ್ ಪರವಾನಗಿಯ ಷರತ್ತು. ಅಷ್ಟರಲ್ಲಿ ಲಿಂಕ್‌ಸಿಸ್ಸನ್ನು ಕೊಂಡಿದ್ದ ಸಿಸ್ಕೋ ಒತ್ತಡಕ್ಕೆ ಮಣಿದು ಸಂಕೇತವನ್ನು ಹೊರಬಿಟ್ಟಿತು. ಅದನ್ನೇ ಬುನಾದಿಯಾಗಿಸಿಕೊಂಡು 2004ರಲ್ಲಿ 'ಓಪನ್‌ಡಬ್ಲ್ಯುಆರ್‌ಟಿ' ಹುಟ್ಟಿತು. ಇಂದು ಅದು ಬೇರೆ ಬೇರೆ ಕಂಪನಿಗಳ ನೂರಾರು ಮಾದರಿಗಳಲ್ಲಿ ಓಡುತ್ತದೆ. ತಯಾರಕರು ಕೈಬಿಟ್ಟ ಎಷ್ಟೋ ಪೆಟ್ಟಿಗೆಗಳಿಗೆ ಇಂದಿಗೂ ಹೊಸ ತಿದ್ದುಪಡಿ ಸಿಗುತ್ತಿರುವುದು ಇದರ ಕೃಪೆಯಿಂದ.

ಇದೆಲ್ಲ ದೂರದ ಮಾತೆಂದುಕೊಳ್ಳಬೇಡಿ. ತುಮಕೂರಿಗೆ ಕೂಗಳತೆಯ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಬೆಂಗಳೂರಿನ 'ಜನಸ್ತು' ಸಂಸ್ಥೆ ಸಮುದಾಯದ್ದೇ ಆದ ವೈಫೈ ಜಾಲ ಕಟ್ಟುವ ಪ್ರಯೋಗ ನಡೆಸಿದೆ. ಒಂದು ರೌಟರ್ ಮತ್ತೊಂದರ ಕೈಹಿಡಿದು ಸಂದೇಶ ದಾಟಿಸುವ ಇಂಥ ಜಾಲಕ್ಕೆ 'ಮೆಶ್' ಎನ್ನುತ್ತಾರೆ. ಅದಕ್ಕೆ ಬೇಕಾದ 'ಲಿಬ್ರೆಮೆಶ್' ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿಯ ಮೇಲೆಯೇ ಕಟ್ಟಿದ್ದು. ಹೊರಗಿನ ಇಂಟರ್ನೆಟ್ ಕೈಕೊಟ್ಟರೂ ಇಂಥ ಜಾಲದೊಳಗಿನ ಧ್ವನಿ, ಚಿತ್ರ, ಪಾಠಗಳು ಜನರಿಗೆ ದಕ್ಕುತ್ತವೆ.

ಮನೆಯಲ್ಲಿ ಏನು ಲಾಭ?

ಶ್ರೀ ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜಿರುವ ಮರಳೂರಿನಂಥ ಕಡೆ ನಾಲ್ಕೈದು ವಿದ್ಯಾರ್ಥಿಗಳು ಒಂದೇ ಸಂಪರ್ಕ ಹಂಚಿಕೊಳ್ಳುವುದು ಹೊಸತಲ್ಲ. ಒಬ್ಬ ಸಿನಿಮಾ ಇಳಿಸಿಕೊಳ್ಳತೊಡಗಿದರೆ ಇನ್ನೊಬ್ಬನ ಆನ್‌ಲೈನ್ ಪಾಠ ತೊದಲುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿರುವ 'ಎಸ್‌ಕ್ಯೂಎಂ' ಸೌಲಭ್ಯ ಸಾಲಿನಲ್ಲಿ ಎಲ್ಲರಿಗೂ ನ್ಯಾಯವಾದ ಸರದಿ ಕೊಡಿಸುತ್ತದೆ. ರಾತ್ರಿ ಹತ್ತರ ನಂತರ ಮಗನ ಮೊಬೈಲಿಗೆ ಮಾತ್ರ ಸಂಪರ್ಕ ಕಡಿಯುವುದು, ಜಾಹೀರಾತು ತಡೆಯುವುದು, ಅತಿಥಿಗಳಿಗೆ ಬೇರೆಯೇ ವೈಫೈ ಕೊಡುವುದು ಕೂಡ ಸಾಧ್ಯ. ಒಂದು ಎಚ್ಚರ: ಹಳೆಯ ಪ್ರೊಸೆಸರ್ ಈ ಎಲ್ಲ ಕೆಲಸ ಹೊತ್ತು ಫೈಬರ್ ಸಂಪರ್ಕದ ಪೂರ್ಣ ವೇಗ ಕೊಡಲಾರದು.

ಕೈ ಹಾಕುವ ಮುನ್ನ

ಮೊದಲು ಪೆಟ್ಟಿಗೆ ಯಾರದೆಂದು ನೋಡಿ. ಫೈಬರ್ ಸಂಪರ್ಕದ ಜೊತೆ ಕಂಪನಿ ಕೊಟ್ಟ ಸಾಧನ ಕಂಪನಿಯ ಸ್ವತ್ತಾಗಿದ್ದರೆ ಅದನ್ನು ಮುಟ್ಟಬೇಡಿ. ಸ್ವಂತದ್ದಾದರೆ ಅದನ್ನು ಮಗುಚಿ, ಕೆಳಗಿನ ಚೀಟಿಯಲ್ಲಿ ಮಾದರಿಯ ಹೆಸರಷ್ಟೇ ಅಲ್ಲ, 'ವಿ2', 'ವಿ3' ಎಂಬ ಆವೃತ್ತಿ ಸಂಖ್ಯೆಯನ್ನೂ ಬರೆದುಕೊಳ್ಳಿ. ಹೆಸರು ಒಂದೇ ಇದ್ದರೂ ಆವೃತ್ತಿ ಬದಲಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ಓಪನ್‌ಡಬ್ಲ್ಯುಆರ್‌ಟಿಯ ಸಾಧನಗಳ ಪಟ್ಟಿಯಲ್ಲಿ ಅದೇ ಆವೃತ್ತಿ ಇದ್ದರೆ ಮಾತ್ರ ಮುಂದುವರಿಯಿರಿ. 4 ಎಂಬಿ ಫ್ಲಾಷ್, 32 ಎಂಬಿ ರ‍್ಯಾಮ್ ಇರುವ ಪುಟ್ಟ ಸಾಧನಗಳಿಗೆ 2020ರಲ್ಲಿ ಬಂದ 19.07 ಆವೃತ್ತಿಯೇ ಕೊನೆಯದು. ಅವುಗಳ ಗೋಜಿಗೆ ಹೋಗಬೇಡಿ.

ಇಂಟರ್ನೆಟ್ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಮೊದಲ ಸಲಕ್ಕೆ ಬೇಕಾದದ್ದು 'ಫ್ಯಾಕ್ಟರಿ' ಎಂಬ ಕಡತ. 'ಸಿಸ್‌ಅಪ್‌ಗ್ರೇಡ್' ಎಂಬುದು ಸಾಮಾನ್ಯವಾಗಿ ಆಮೇಲಿನ ಹೊಸ ಆವೃತ್ತಿಗಳಿಗೆ. ಕೆಲವು ಮಾದರಿಗಳ ವಿಧಾನವೇ ಬೇರೆಯಾದ್ದರಿಂದ ಆ ಮಾದರಿಯ ಪುಟವನ್ನು ಪೂರ್ತಿ ಓದಿ. ಕಡತದ 'ಶಾ-256' ಸಂಖ್ಯೆಯನ್ನು ತಾಳೆ ನೋಡಿ. ಕಂಪ್ಯೂಟರನ್ನು ವೈಫೈ ಮೂಲಕವಲ್ಲ, ಕೇಬಲ್ಲಿನಿಂದ ರೌಟರಿಗೆ ಜೋಡಿಸಿ. ರೌಟರಿನ ಪುಟ ತೆರೆದು, 'ಫರ್ಮ್‌ವೇರ್ ಅಪ್‌ಗ್ರೇಡ್' ಎಂಬಲ್ಲಿ ಕಡತವನ್ನು ಕೊಟ್ಟು ಸುಮ್ಮನೆ ಕಾಯಿರಿ. ಈ ಕೆಲವು ನಿಮಿಷ ಕರೆಂಟ್ ಹೋಗಬಾರದು! ನಮ್ಮೂರುಗಳ ವಿದ್ಯುತ್ತನ್ನು ನಂಬದೆ ಯುಪಿಎಸ್‌ಗೆ ಜೋಡಿಸುವುದೇ ಕ್ಷೇಮ.

ಆಮೇಲೆ 192.168.1.1 ವಿಳಾಸದಲ್ಲಿ ಹೊಸ ಪುಟ ತೆರೆದುಕೊಳ್ಳುತ್ತದೆ. ಮೊದಲ ಕೆಲಸ ಪಾಸ್‌ವರ್ಡ್ ಇಡುವುದು. ವೈಫೈ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಕೆಟ್ಟಿತೆಂದು ಗಾಬರಿಯಾಗದೆ ಚಾಲೂ ಮಾಡಿ. ದೇಶದ ಹೆಸರು 'ಭಾರತ' ಎಂದೇ ಇರಲಿ. ರೇಡಿಯೊ ತರಂಗಗಳ ಶಕ್ತಿಗೆ ಕಾನೂನು ಮಿತಿ ವಿಧಿಸಿದೆ.

ಇಟ್ಟಿಗೆಯಾದರೆ?

ತಪ್ಪು ಕಡತ ತುಂಬಿದರೆ ರೌಟರ್ ಸತ್ತಂತೆ ಬಿದ್ದುಬಿಡಬಹುದು. ಬಲ್ಲವರು ಇದಕ್ಕೆ 'ಇಟ್ಟಿಗೆಯಾಯಿತು' ಎನ್ನುತ್ತಾರೆ. ಹಲವು ಮಾದರಿಗಳನ್ನು ರಿಸೆಟ್ ಗುಂಡಿ ಒತ್ತಿ ಹಿಡಿದು, 'ಟಿಎಫ್‌ಟಿಪಿ' ವಿಧಾನದಿಂದ ಮತ್ತೆ ಎಬ್ಬಿಸಬಹುದು, ಎಲ್ಲವನ್ನೂ ಅಲ್ಲ. ವಾರಂಟಿ ಉಳಿದಿದ್ದರೆ ಅದೂ ಕೈತಪ್ಪಬಹುದು. ಆದ್ದರಿಂದ ಮನೆಯ ಏಕೈಕ ರೌಟರಿನ ಮೇಲೆ, ಅದೂ ಪರೀಕ್ಷೆಯ ಹಿಂದಿನ ದಿನ, ಈ ಪ್ರಯೋಗ ಖಂಡಿತ ಬೇಡ.

ತಂದೆತಾಯಂದಿರಿಗೆ ಒಂದು ಮಾತು. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ರೌಟರನ್ನು ಗುಜರಿಗೆ ಹಾಕುವ ಮುನ್ನ ಮಕ್ಕಳ ಕೈಗೆ ಕೊಟ್ಟು ನೋಡಿ. ಐಪಿ ವಿಳಾಸ, ಫೈರ್‌ವಾಲ್, ಲಿನಕ್ಸ್ ಆಜ್ಞೆಗಳು ಪುಸ್ತಕದಲ್ಲಿ ಒಣ ಶಬ್ದಗಳು. ಸ್ವಂತ ಪೆಟ್ಟಿಗೆಯಲ್ಲಿ ಅವು ಕಣ್ಣೆದುರಿನ ಕೆಲಸ. ಕೆಟ್ಟರೆ ಒಂದು ಹಳೆಯ ಪೆಟ್ಟಿಗೆ ಕೆಟ್ಟೀತು. ಗೆದ್ದರೆ, ಯಂತ್ರವನ್ನು ಕೊಂಡು ಬಳಸುವವನಷ್ಟೇ ಅಲ್ಲ, ಅದರ ಒಡೆಯನೂ ಆಗಬಲ್ಲೆ ಎಂಬ ಧೈರ್ಯ ಮಗುವಿಗೆ ಬರುತ್ತದೆ.